ಅಡಿಕೆಗೆ ಮೂರು ರೋಗ, ಮದ್ದು ಯಾಕೆ ಒಂದೇ ಅಲ್ಲ? ಉತ್ತರ ಜೀವಕೋಶದ ಗೋಡೆಯಲ್ಲಿದೆ

ಮಳೆಗಾಲ ಹತ್ತಿರ ಬಂತೆಂದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಅಡಿಕೆ ಬೆಳೆಗಾರರಿಗೆ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಎಲೆಚುಕ್ಕಿಗೆ ಪ್ರೊಪಿಕೊನಜೋಲ್ ಸಿಂಪಡಿಸಿ ಎಂದು ಒಂದು ಸುದ್ದಿ. ಕೊಳೆರೋಗಕ್ಕೆ ತಾಮ್ರದ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೇ ಗತಿ ಎಂದು ಇನ್ನೊಂದು. ಹಳದಿ ಎಲೆ ರೋಗಕ್ಕೆ ಮದ್ದೇ ಇಲ್ಲ ಎಂದು ಮತ್ತೊಂದು. ವಾಟ್ಸಾಪಿನಲ್ಲಿ ಇವೆಲ್ಲ ಕಲಸಿಹೋಗಿ, ಮೂರಕ್ಕೂ ಒಂದೇ ಮದ್ದು ಸಾಕು ಎನ್ನುವ ಸಂದೇಶಗಳೂ ಓಡಾಡುತ್ತವೆ.

ಬೆಳೆಗಾರರ ಪ್ರಶ್ನೆ ಸಹಜವೇ. ಮರ ಒಂದೇ, ತೋಟ ಒಂದೇ, ಮಳೆಯೂ ಒಂದೇ. ಹಾಗಿದ್ದರೆ ಕೊಳೆರೋಗಕ್ಕೆ ನೂರು ವರ್ಷದಿಂದ ಹಿಡಿದು ಬಂದ ಮದ್ದು ಉಳಿದ ರೋಗಗಳಿಗೆ ಯಾಕೆ ಸಾಲದು? ಎಲೆಚುಕ್ಕಿಗೆ ಬಂದ ಹೊಸ ಮದ್ದನ್ನೇ ಗೊನೆಗೂ ಹೊಡೆದರೆ ಆಗದೇ?

ಆಗದು. ಕಾರಣ ರೋಗಾಣುಗಳ ಜೀವಕೋಶದ ಕಟ್ಟಡದಲ್ಲಿದೆ, ಅಡಿಕೆ ಮರದ ಜೀವಕೋಶದ ಕಟ್ಟಡದಲ್ಲೂ ಇದೆ.

ಶಾಲೆಯಲ್ಲಿ ಕಲಿತು ಮರೆತ ಪಾಠ

ವಿಜ್ಞಾನ ಪುಸ್ತಕದಲ್ಲಿ ಎರಡು ಚಿತ್ರ ಅಕ್ಕಪಕ್ಕ ಇರುತ್ತವೆ. ಒಂದು ಚೌಕಾಕಾರದ ಸಸ್ಯಕೋಶ, ಇನ್ನೊಂದು ದುಂಡಗಿನ ಪ್ರಾಣಿಕೋಶ. ಐದು ಅಂಕದ ಪ್ರಶ್ನೆಗೆ ಕಲಿತು ಬಿಟ್ಟುಬಿಡುವ ಪಾಠ ಅದು. ತೋಟದಲ್ಲಿ ಮಾತ್ರ ಅದು ಹಣದ ಪ್ರಶ್ನೆ.

ಎರಡೂ ಕೋಶಗಳಿಗೆ ತೆಳುವಾದ ಪೊರೆ ಇದೆ, ಒಳಗೆ ಕೋಶಕೇಂದ್ರ ಇದೆ. ಸಸ್ಯಕೋಶದ ಪೊರೆಯ ಹೊರಗೆ ಇನ್ನೂ ಒಂದು ಗಟ್ಟಿ ಗೋಡೆ ಇದೆ. ಇದನ್ನೇ ಕೋಶಭಿತ್ತಿ ಎನ್ನುವುದು. ಅದರ ಮುಖ್ಯ ಸಾಮಾನು ಸೆಲ್ಯುಲೋಸ್. ಒಂದು ಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸುವುದು ಪೆಕ್ಟಿನ್. ಆ ಅಂಟು ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಹಸಿರು ಭಾಗದ ಕೋಶಗಳಲ್ಲಿ ಬಿಸಿಲಿನಿಂದ ಸಕ್ಕರೆ ಮಾಡುವ ಕ್ಲೋರೋಪ್ಲಾಸ್ಟ್‌ಗಳೂ, ನೀರು ತುಂಬಿಟ್ಟುಕೊಳ್ಳುವ ದೊಡ್ಡ ರಸದಾನಿಯೂ ಇರುತ್ತವೆ. ಪ್ರಾಣಿಕೋಶಕ್ಕೆ ಗೋಡೆಯೂ ಇಲ್ಲ, ಕ್ಲೋರೋಪ್ಲಾಸ್ಟೂ ಇಲ್ಲ.

ಗೋಡೆ ಇಲ್ಲದ್ದರಿಂದ ಪ್ರಾಣಿಕೋಶಕ್ಕೆ ಒಂದು ಅನುಕೂಲ ಇದೆ. ಅದು ಆಕಾರ ಬದಲಿಸಬಹುದು, ಜಾಗ ಬಿಟ್ಟು ಚಲಿಸಬಹುದು. ನಮ್ಮ ರಕ್ತದ ಬಿಳಿಕಣಗಳು ರೋಗಾಣು ಇರುವಲ್ಲಿಗೆ ಹರಿದು ಹೋಗಿ ಅದನ್ನು ನುಂಗುವುದು ಹೀಗೆ. ಒಮ್ಮೆ ಬಂದ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಕೋಶಗಳೂ ನಮ್ಮಲ್ಲಿವೆ. ಲಸಿಕೆ ಕೆಲಸ ಮಾಡುವುದು ಆ ನೆನಪಿನ ಬಲದಿಂದಲೇ.

ಅಡಿಕೆ ಮರದ ಕೋಶಕ್ಕೆ ಇದು ಸಾಧ್ಯವಿಲ್ಲ. ಹುಟ್ಟಿದ ಜಾಗದಲ್ಲೇ ಅದು ಗೋಡೆಯೊಳಗೆ ಬಂದಿ. ಮರದಲ್ಲಿ ಓಡಾಡುವ ಕಾವಲು ಕೋಶ ಇಲ್ಲ, ರಕ್ತ ಇಲ್ಲ, ನಮ್ಮಲ್ಲಿರುವಂಥ ಪ್ರತಿಕಾಯಗಳೂ ಇಲ್ಲ. ಪ್ರತಿಯೊಂದು ಕೋಶವೂ ತನ್ನನ್ನು ತಾನೇ ಕಾಯಬೇಕು. ರೋಗಾಣು ಒಳಗೆ ಬಂದಾಗ ಅದು ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ವಿಷಕಾರಿ ರಾಸಾಯನಿಕ ತಯಾರಿಸುತ್ತದೆ. ಅದೂ ಸಾಲದಾದರೆ ಸುತ್ತಲಿನ ಕೋಶಗಳು ತಾವೇ ಸತ್ತು ರೋಗಾಣುವಿಗೆ ಅನ್ನ ಸಿಗದ ಹಾಗೆ ಮಾಡುತ್ತವೆ. ಈ ಕೊನೆಯ ಉಪಾಯ ಎಲ್ಲ ರೋಗಾಣುಗಳ ಮೇಲೂ ನಡೆಯುವುದಿಲ್ಲ. ಸತ್ತ ಕೋಶವನ್ನೇ ತಿಂದು ಬದುಕುವ ಶಿಲೀಂಧ್ರಗಳೂ ಇವೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ಮನುಷ್ಯನಿಗೆ ಜ್ವರ ಬಂದು ವಾಸಿಯಾಗುವ ರೀತಿಯಲ್ಲಿ ಸೋಗೆಯ ಚುಕ್ಕಿ ವಾಸಿಯಾಗುವುದಿಲ್ಲ. ಸತ್ತ ಭಾಗ ಮತ್ತೆ ಹಸಿರಾಗದು. 'ಮದ್ದು ಹೊಡೆದು ಹದಿನೈದು ದಿನ ಆಯಿತು, ಚುಕ್ಕಿ ಹಾಗೇ ಇದೆ' ಎಂದು ಮದ್ದನ್ನು ದೂರುವವರು ನೋಡಬೇಕಾದ್ದು ಹಳೇ ಸೋಗೆಯನ್ನಲ್ಲ, ಆಮೇಲೆ ಬಿಚ್ಚಿದ ಹೊಸ ಸೋಗೆಯನ್ನು. ಅಡಿಕೆಯ ಮದ್ದುಗಳಲ್ಲಿ ಹೆಚ್ಚಿನವು ವಾಸಿ ಮಾಡುವುದಕ್ಕಲ್ಲ, ತಡೆಯುವುದಕ್ಕೆ.

ಕೊಳೆರೋಗ: ಶಿಲೀಂಧ್ರದ ವೇಷ, ಬೇರೆಯೇ ಕುಲ

ಕೃಷಿ ಭವನದ ಮಲಯಾಳ ಕರಪತ್ರಗಳಲ್ಲಿ ಮಹಾಳಿ ಎಂದು ಬರುವುದು ಇದೇ ರೋಗ. ಎಳೆಕಾಯಿಯ ಮೇಲೆ ನೀರಿನಲ್ಲಿ ನೆನೆದಂಥ ಕಲೆ, ಆಮೇಲೆ ಬಿಳಿ ಬೂಸ್ಟು, ಕೊನೆಗೆ ಮರದ ಬುಡದಲ್ಲಿ ಉದುರಿದ ಕಾಯಿಗಳ ರಾಶಿ. ಕಾರಣ ಫೈಟೊಫ್ತೋರಾ ಎಂಬ ಜೀವಿ.

ನೋಡಲು ಇದು ಶಿಲೀಂಧ್ರದ ಹಾಗೆಯೇ. ನೂಲಿನಂತೆ ಹಬ್ಬುತ್ತದೆ, ಬೂಸ್ಟು ಕಟ್ಟುತ್ತದೆ. ಹಳೆಯ ಪುಸ್ತಕಗಳೆಲ್ಲ ಶಿಲೀಂಧ್ರ ಎಂದೇ ಬರೆದಿವೆ. ಅದರ ಗೋಡೆ ಮಾತ್ರ ಬೇರೆ ಕತೆ ಹೇಳುತ್ತದೆ. ನಿಜವಾದ ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಮುಖ್ಯ. ಏಡಿ, ಸಿಗಡಿಗಳ ಚಿಪ್ಪಿನಲ್ಲಿರುವುದೂ ಅದೇ. ಫೈಟೊಫ್ತೋರಾದ ಗೋಡೆಯಲ್ಲಿ ಇರುವುದು ಸೆಲ್ಯುಲೋಸ್ ಮತ್ತು ಅದರ ಬಂಧುಗಳಾದ ಗ್ಲುಕಾನ್‌ಗಳು. ವಂಶ ಹುಡುಕಿದರೆ ಇದು ಅಣಬೆಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರ.

ಪೊರೆಯಲ್ಲೂ ವ್ಯತ್ಯಾಸ ಇದೆ. ಶಿಲೀಂಧ್ರದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಜಿಡ್ಡು ಬೇಕೇ ಬೇಕು, ಅದನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಕೋಶಗಳಲ್ಲಿ ಆ ಜಾಗದಲ್ಲಿ ಕೊಲೆಸ್ಟೆರಾಲ್ ಇದೆ. ಫೈಟೊಫ್ತೋರಾ ಇಂಥದ್ದನ್ನು ತಾನಾಗಿ ತಯಾರಿಸುವುದೇ ಇಲ್ಲ. ಪ್ರೊಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್ ಮುಂತಾದ ಮದ್ದುಗಳು ಮಾಡುವ ಕೆಲಸ ಎರ್ಗೊಸ್ಟೆರಾಲ್ ತಯಾರಿಯನ್ನು ನಿಲ್ಲಿಸುವುದು. ತಯಾರಿಯೇ ಇಲ್ಲದ ಕಡೆ ನಿಲ್ಲಿಸುವುದೇನನ್ನು? ಎಲೆಚುಕ್ಕಿಯ ಮದ್ದನ್ನು ಕೊಳೆರೋಗದ ಗೊನೆಗೆ ಹೊಡೆದರೆ ದುಡ್ಡು ಮಳೆನೀರಿನ ಜೊತೆ ಹೋಗುತ್ತದೆ ಅಷ್ಟೇ.

ಹಾಗಾದರೆ ಬೋರ್ಡೋ ಯಾಕೆ ಕೆಲಸ ಮಾಡುತ್ತದೆ? ಇಲ್ಲಿ ವಿಷಯ ಸ್ವಲ್ಪ ರೋಚಕ. ಮಳೆ ಹಿಡಿದಾಗ ಫೈಟೊಫ್ತೋರಾ ಚಿಕ್ಕ ಚಿಕ್ಕ ಈಜುಬೀಜಗಳನ್ನು ಬಿಡುತ್ತದೆ. ಅವುಗಳಿಗೆ ಎರಡು ಬಾಲ. ಕಾಯಿಯ ಮೇಲೆ ನಿಂತ ತೆಳು ನೀರಿನಲ್ಲಿ ಈಜುತ್ತಾ ಹೋಗಿ ಒಂದು ಕಡೆ ಅಂಟಿಕೊಳ್ಳುತ್ತವೆ. ಈಜುವಷ್ಟು ಹೊತ್ತು ಅವುಗಳ ಮೈಮೇಲೆ ಗೋಡೆಯೇ ಇರುವುದಿಲ್ಲ, ಪ್ರಾಣಿಕೋಶದ ಹಾಗೆ ಬರೀ ಪೊರೆ. ಅಂಟಿಕೊಂಡ ಮೇಲೆಯೇ ಗೋಡೆ ಕಟ್ಟಿಕೊಂಡು, ಮೊಳೆತು, ಕಾಯಿಯೊಳಗೆ ನುಗ್ಗುವುದು. ಗೋಡೆ ಇಲ್ಲದ ಆ ಹೊತ್ತು ಅದರ ಅತಿ ದುರ್ಬಲ ಹೊತ್ತು. ಬೋರ್ಡೋ ದ್ರಾವಣ ಒಣಗಿ ಕಾಯಿಯ ಮೇಲೆ ನೀಲಿ ಲೇಪ ಆಗಿ ಕೂತಿರುತ್ತದೆ. ಮಳೆಹನಿ ತಾಗಿದಾಗಲೆಲ್ಲ ಅದರಿಂದ ತಾಮ್ರ ಚೂರುಚೂರೇ ಬಿಡುಗಡೆಯಾಗುತ್ತದೆ. ಆ ತಾಮ್ರ ಈಜುಬೀಜವನ್ನೂ ಮೊಳಕೆಯನ್ನೂ ಕೊಲ್ಲುತ್ತದೆ.

ಮಳೆ ಶುರುವಾಗುವ ಮೊದಲೇ ಮೊದಲ ಮದ್ದು ಹೊಡೆಯಬೇಕು, 40–45 ದಿನ ಬಿಟ್ಟು ಎರಡನೇದು ಎಂಬ ನಿಯಮದ ಹಿಂದಿರುವುದು ಇದೇ ಲೆಕ್ಕ. ರೋಗಾಣು ಒಮ್ಮೆ ಒಳಹೊಕ್ಕರೆ ಮೇಲಿನ ಲೇಪ ಅದನ್ನು ಮುಟ್ಟದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಪ್ರಮಾಣ ಬೆಳೆಗಾರರಿಗೆಲ್ಲ ಬಾಯಿಪಾಠ. ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಈ ದ್ರಾವಣವನ್ನು ಬಳಕೆಗೆ ತಂದದ್ದು ದ್ರಾಕ್ಷಿಯ ಬೂಜು ರೋಗಕ್ಕೆ. ಆ ರೋಗದ ಜೀವಿಯೂ ಫೈಟೊಫ್ತೋರಾದ ಕುಲಕ್ಕೇ ಸೇರಿದ್ದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು. ಬೋರ್ಡೋ ನಮ್ಮ ತೋಟಗಳ ಕಡೆ ಬಂದದ್ದು ಆ ಕಾಲದಲ್ಲಿ.

ಈ ಕುಲಕ್ಕೆಂದೇ ಮಾಡಿದ ಹೊಸ ಮದ್ದುಗಳೂ ಈಗ ಇವೆ. ಮೆಟಾಲಾಕ್ಸಿಲ್ ಅದರ ಆರ್‌ಎನ್‌ಎ ತಯಾರಿಯನ್ನು ಕೆಡಿಸುತ್ತದೆ. ಮ್ಯಾಂಡಿಪ್ರೊಪಮಿಡ್ ಅದರ ಸೆಲ್ಯುಲೋಸ್ ಗೋಡೆ ಕಟ್ಟುವ ಕೆಲಸಕ್ಕೇ ಕೈ ಹಾಕುತ್ತದೆ. ಅಡಿಕೆಯ ಗೋಡೆಯೂ ಸೆಲ್ಯುಲೋಸೇ ಅಲ್ವಾ, ಮರಕ್ಕೆ ತೊಂದರೆ ಆಗದೇ ಎಂದು ಕೇಳಬಹುದು. ಎರಡರಲ್ಲೂ ಸೆಲ್ಯುಲೋಸ್ ನೇಯುವ ಕಿಣ್ವದ ರಚನೆ ಬೇರೆ ಬೇರೆ. ಮದ್ದು ಹೊಂದುವುದು ರೋಗಾಣುವಿನ ಕಿಣ್ವಕ್ಕೆ ಮಾತ್ರ.

ಎಲೆಚುಕ್ಕಿ: ಇದು ಅಸಲಿ ಶಿಲೀಂಧ್ರ

ಮಲೆನಾಡು, ಕರಾವಳಿಯ ಅಡಿಕೆ ತೋಟಗಳನ್ನು ಇತ್ತೀಚಿನ ವರ್ಷಗಳಲ್ಲಿ ಕಾಡುತ್ತಿರುವ ಎಲೆಚುಕ್ಕಿಗೆ ಮುಖ್ಯ ಕಾರಣ ಕೊಲೆಟೋಟ್ರೈಕಮ್. ಇದರ ಗೋಡೆಯಲ್ಲಿ ಕೈಟಿನ್ ಇದೆ, ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಹಾಗಾಗಿ ಪ್ರೊಪಿಕೊನಜೋಲ್ ಗುಂಪಿನ ಮದ್ದುಗಳಿಗೆ ಇಲ್ಲಿ ಕೆಲಸ ಉಂಟು. ಮೆಟಾಲಾಕ್ಸಿಲ್ ಒಂದನ್ನೇ ಹೊಡೆದರೆ ಇಲ್ಲಿ ಅದು ದಂಡ.

ಇದು ಒಳಗೆ ನುಗ್ಗುವ ರೀತಿಯೂ ಬೇರೆ. ಸೋಗೆಯ ಮೇಲೆ ಬಿದ್ದ ಬೀಜಕಣ ಮೊಳೆತು, ತುದಿಯಲ್ಲಿ ಕಪ್ಪಗಿನ ಗುಂಡುಕೋಶ ಮಾಡಿಕೊಳ್ಳುತ್ತದೆ. ಅದರೊಳಗೆ ನೀರಿನ ಒತ್ತಡ ಏರುತ್ತಾ ಹೋಗುತ್ತದೆ. ಕಾರಿನ ಟಯರಿನ ಗಾಳಿಗಿಂತ ಹತ್ತು ಪಟ್ಟಿಗೂ ಮೇಲೆ. ಆ ಒತ್ತಡದಲ್ಲಿ ಸೂಜಿಯಂಥ ಒಂದು ಎಳೆ ಎಲೆಯ ಮೇಣದ ಪದರವನ್ನೂ ಸೆಲ್ಯುಲೋಸ್ ಗೋಡೆಯನ್ನೂ ಚುಚ್ಚಿ ಒಳಗೆ ಇಳಿಯುತ್ತದೆ. ಮೊದಲು ಸದ್ದಿಲ್ಲದೆ ಬದುಕಿರುವ ಕೋಶದೊಳಗೆ ಇದ್ದು, ಆಮೇಲೆ ಕೋಶಗಳನ್ನು ಕೊಂದು ತಿನ್ನುತ್ತದೆ. ಚುಕ್ಕಿ ನಮ್ಮ ಕಣ್ಣಿಗೆ ಬೀಳುವುದು ಆ ಎರಡನೇ ಹಂತದಲ್ಲಿ.

ಚುಕ್ಕಿಯಿಂದ ನಷ್ಟ ಹೇಗೆ? ಅಡಿಕೆ ಮರದ ತಲೆಯಲ್ಲಿ ಇರುವುದೇ ಹತ್ತರ ಆಸುಪಾಸಿನ ಸೋಗೆ. ಕ್ಲೋರೋಪ್ಲಾಸ್ಟ್‌ಗಳಿರುವ ಕೋಶಗಳು ಅಲ್ಲಿ ಸತ್ತರೆ ಸಕ್ಕರೆ ತಯಾರಿ ಇಳಿಯುತ್ತದೆ. ಹಿಂಗಾರ ಮೂಡುವುದು ಸೋಗೆಯ ಬುಡದಲ್ಲೇ. ಈ ವರ್ಷದ ಚುಕ್ಕಿಯ ಪೆಟ್ಟು ಮುಂದಿನ ವರ್ಷದ ಫಸಲಿಗೂ ತಗಲುವುದು ಹೀಗೆ. ಮಾವು, ಹಲಸು ಕೊಂಬೆ ಒಡೆದು ಚಿಗುರುತ್ತವೆ. ಅಡಿಕೆಗೆ ಬೆಳೆಯುವ ತುದಿ ಒಂದೇ, ಅದರ ಸುಳಿ. ಸುಳಿ ಹೋದರೆ ಮರ ಹೋಯಿತು.

ಇಲ್ಲೊಂದು ಪ್ರಾಯೋಗಿಕ ತೊಡಕು. ಕೊಳೆರೋಗಕ್ಕೆ ಮದ್ದು ಬೀಳಬೇಕಾದ್ದು ಗೊನೆಗೆ. ಎಲೆಚುಕ್ಕಿಗೆ ಬೀಳಬೇಕಾದ್ದು ಸೋಗೆಗೆ, ಅದರಲ್ಲೂ ಅಡಿಭಾಗಕ್ಕೆ. ಒಂದೇ ಸಲ ಮರ ಹತ್ತಿದ್ದರಲ್ಲೇ ಎರಡೂ ಮುಗಿಸೋಣ ಎಂದು ಬೋರ್ಡೋಗೆ ಇನ್ನೊಂದು ಮದ್ದನ್ನು ಬೆರೆಸುವವರು ಇದ್ದಾರೆ. ಬೋರ್ಡೋ ಸುಣ್ಣದಿಂದಾಗಿ ಕ್ಷಾರ ಗುಣದ್ದು. ಅದರಲ್ಲಿ ಬೆರೆಸಿದರೆ ಹಲವು ಮದ್ದುಗಳು ಕೆಟ್ಟುಹೋಗುತ್ತವೆ. ತಾಮ್ರದ ಲೇಪ ಶಿಲೀಂಧ್ರದ ಮೊಳಕೆಯನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಎಂಬುದು ನಿಜ, ಸೋಗೆಯೊಳಗೆ ಇಳಿದ ಶಿಲೀಂಧ್ರಕ್ಕೆ ಅದು ಏನೂ ಮಾಡದು.

ಹಳದಿ ಎಲೆ ರೋಗ: ಗೋಡೆಯೇ ಇಲ್ಲದ ಶತ್ರು

ಮಧ್ಯ ಕೇರಳದ ತೋಟಗಳನ್ನು ಹಿಂದಿನ ಶತಮಾನದಲ್ಲೇ ಹಾಳು ಮಾಡಿದ ಈ ರೋಗ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ ಕಡೆ ದಶಕಗಳಿಂದ ನೆಲೆಯೂರಿದೆ. ಗಡಿ ಈಚೆ ಕಾಸರಗೋಡಿನ ದೇಲಂಪಾಡಿ, ಬೆಳ್ಳೂರು ಭಾಗದವರು ಸುಳ್ಯದ ಸುದ್ದಿಯನ್ನು ಭಯದಿಂದ ಓದುವುದರಲ್ಲಿ ಆಶ್ಚರ್ಯವಿಲ್ಲ.

ರೋಗಾಣುವಿನ ಹೆಸರು ಫೈಟೊಪ್ಲಾಸ್ಮಾ. ಇದು ಒಂದು ಬಗೆಯ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳಿಗೂ ಒಂದು ಗೋಡೆ ಇರುತ್ತದೆ. ಇದಕ್ಕೆ ಅದೂ ಇಲ್ಲ. ಸಕ್ಕರೆ ಹರಿಯುವ ಫ್ಲೋಯಂ ನಾಳದ ಒಳಗೆ, ಎಲ್ಲ ಸಿದ್ಧ ಇರುವ ಜಾಗದಲ್ಲಿ ಬದುಕುವ ಜೀವಿಗೆ ಗೋಡೆ ಬೇಕಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಲು ಹೋದರೆ ಇದು ಸುಲಭಕ್ಕೆ ಬೆಳೆಯುವುದೂ ಇಲ್ಲ. ಜಪಾನಿನ ವಿಜ್ಞಾನಿಗಳು 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ಹೇಳುವವರೆಗೆ ಇಂಥ ರೋಗಗಳೆಲ್ಲ ವೈರಸ್‌ನಿಂದ ಬರುತ್ತವೆ ಎಂದೇ ನಂಬಲಾಗಿತ್ತು.

ಗೋಡೆ ಇಲ್ಲದ್ದಕ್ಕೆ ಪೆನಿಸಿಲಿನ್ ಇದರ ಮೇಲೆ ನಾಟದು. ಪೆನಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸಿ. ಮನುಷ್ಯರಿಗೆ ಮೈಕೋಪ್ಲಾಸ್ಮಾದಿಂದ ನ್ಯುಮೋನಿಯಾ ಬಂದಾಗ ವೈದ್ಯರು ಪೆನಿಸಿಲಿನ್ ಕೊಡದಿರುವುದೂ ಇದೇ ಕಾರಣಕ್ಕೆ. ಬೋರ್ಡೋ, ಪ್ರೊಪಿಕೊನಜೋಲ್‌ಗಳಂತೂ ಫೈಟೊಪ್ಲಾಸ್ಮಾಕ್ಕೆ ಸಂಬಂಧವೇ ಇಲ್ಲದವು. ಟೆಟ್ರಾಸೈಕ್ಲಿನ್ ಗುಂಪಿನ ಪ್ರತಿಜೈವಿಕ ಅದನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ, ನಿಲ್ಲಿಸಿದರೆ ರೋಗ ಮರಳುತ್ತದೆ. ಸಾವಿರಾರು ಮರಗಳಿಗೆ ವರ್ಷವಿಡೀ ಮನುಷ್ಯರ ಮದ್ದನ್ನು ಕೊಡುವುದು ದುಬಾರಿ ಮಾತ್ರವಲ್ಲ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ತೋಟದಲ್ಲಿ ಸಾಕಿದ ಹಾಗೆ.

ಕಾಂಡಕ್ಕೆ ತೂತು ಕೊರೆದು ಮದ್ದು ಹಾಕುವ ವಿಡಿಯೋಗಳು ಆಗಾಗ ಬರುತ್ತವೆ. ಮಾವಿನಂಥ ಮರಗಳಲ್ಲಿ ತೊಗಟೆಯ ಕೆಳಗೆ ಹೊಸ ಕೋಶ ಹುಟ್ಟಿಸುವ ಪದರ ಇದೆ, ಗಾಯ ಮುಚ್ಚಿಕೊಳ್ಳುತ್ತದೆ. ಅಡಿಕೆ, ತೆಂಗಿನಲ್ಲಿ ಆ ಪದರವೇ ಇಲ್ಲ. ಕೊರೆದ ತೂತು ಮರ ಇರುವವರೆಗೂ ತೂತೇ.

ಮರಕ್ಕೆ ಏನೂ ಆಗದ ಮದ್ದು

ಎಲೆಚುಕ್ಕಿ ತೀವ್ರವಾದಾಗ ಡ್ರೋನ್ ಅಥವಾ ಹೆಲಿಕಾಪ್ಟರಿನಿಂದ ಸಾಮೂಹಿಕ ಸಿಂಪಡಣೆ ಮಾಡಿಸಿ ಎಂಬ ಬೇಡಿಕೆ ಏಳುತ್ತದೆ. ಬೇರೆ ಜಿಲ್ಲೆಗಳಲ್ಲಿ ಇದು ಬರೀ ಖರ್ಚಿನ ಚರ್ಚೆ. ಕಾಸರಗೋಡಿನಲ್ಲಿ ಹಾಗಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗಿತ್ತು. ಎಣ್ಮಕಜೆಯಂಥ ಗ್ರಾಮಗಳಲ್ಲಿ ಅದರ ಪರಿಣಾಮ ಅನುಭವಿಸಿದ ಕುಟುಂಬಗಳು ಇನ್ನೂ ಇವೆ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ತಡೆಹಿಡಿಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು.

ಆಗ ಗೇರು ಮರಕ್ಕೆ ಏನೂ ಆಗಲಿಲ್ಲ, ಯಾಕೆ? ಎಂಡೋಸಲ್ಫಾನ್ ಪೆಟ್ಟು ಕೊಡುವುದು ನರಕೋಶಕ್ಕೆ. ನರಗಳ ಉದ್ರೇಕವನ್ನು ತಣಿಸುವ ಒಂದು ಬಾಗಿಲನ್ನು ಅದು ಮುಚ್ಚಿಬಿಡುತ್ತದೆ. ಗಿಡಕ್ಕೆ ನರ ಇಲ್ಲ. ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟಕ್ಕೆ ಇದೆ, ಮೀನಿಗಿದೆ, ಹಸುವಿಗಿದೆ, ಮನುಷ್ಯನಿಗೂ ಇದೆ. ಮರ ಹಸಿರಾಗಿದೆ ಎಂಬುದು ಆ ಮದ್ದು ಮನುಷ್ಯನಿಗೆ ಒಳ್ಳೆಯದು ಎನ್ನುವುದಕ್ಕೆ ಸಾಕ್ಷಿ ಅಲ್ಲ.

ಶಿಲೀಂಧ್ರನಾಶಕಗಳು ಎಂಡೋಸಲ್ಫಾನ್ ಅಲ್ಲ. ಅವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಹಾಗೆಂದು ಸಂಪೂರ್ಣ ನಿರಪಾಯ ಎನ್ನುವುದೂ ಸರಿಯಲ್ಲ. ಶಿಲೀಂಧ್ರವೂ ಪ್ರಾಣಿಯೂ ವಂಶದಲ್ಲಿ ಸಾಕಷ್ಟು ಹತ್ತಿರ, ಗಿಡಕ್ಕಿಂತ ಹತ್ತಿರ. ಪ್ರೊಪಿಕೊನಜೋಲ್ ಸೇರಿರುವ ಅಜೋಲ್ ಗುಂಪಿನ ಕೆಲವು ಮದ್ದುಗಳನ್ನು ಮನುಷ್ಯರ ಹುಳುಕಡ್ಡಿಗೂ ಕೊಡುತ್ತಾರೆ. ಹೊಲದಲ್ಲಿ ಅವು ಜಾಸ್ತಿಯಾದರೆ ಮನುಷ್ಯರಿಗೆ ಸೋಂಕು ತರುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಆ ಮದ್ದಿಗೆ ಬಗ್ಗದಂತಾಗುವ ಅಪಾಯ ಇದೆ. ತಾಮ್ರಕ್ಕೂ ಒಂದು ದೋಷ ಉಂಟು. ಅದು ಕೊಳೆಯುವುದಿಲ್ಲ, ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಎರೆಹುಳಕ್ಕೆ ಅದು ಆಗದು.

ಯಾರ ವಾದ ಏನು

ಒಂದು ಕಡೆ, ಮದ್ದು ಸಾಮೂಹಿಕವಾಗಿ ಆಗಲಿ, ಸರ್ಕಾರ ಕೊಡಲಿ ಎನ್ನುವ ಬೆಳೆಗಾರರು. ಇವರ ಮಾತಿನಲ್ಲಿ ಹುರುಳಿದೆ. ಬೀಜಕಣ ಮಳೆಹನಿಯ ಜೊತೆ ಸಿಡಿದು, ಗಾಳಿಯಲ್ಲಿ ಪಕ್ಕದ ತೋಟಕ್ಕೆ ಹೋಗುತ್ತದೆ. ಒಬ್ಬರು ಹೊಡೆದು ಪಕ್ಕದವರು ಬಿಟ್ಟರೆ ಪ್ರಯೋಜನ ಅರ್ಧ. ಮದ್ದು ಹೊಡೆಯುವವರು ಸಿಗದ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿ ಇದ್ದರೂ ಸಣ್ಣ ಹಿಡುವಳಿದಾರರಿಗೆ ಒಂಟಿಯಾಗಿ ಕಷ್ಟ.

ಇನ್ನೊಂದು ಕಡೆ, ಮಣ್ಣನ್ನು ಮೊದಲು ಸರಿ ಮಾಡಿ ಎನ್ನುವವರು. ಇದನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಮುರಕಲ್ಲಿನ ನೆಲದಲ್ಲಿ ಕ್ಯಾಲ್ಸಿಯಂ, ಪೊಟ್ಯಾಶ್ ತೊಳೆದು ಹೋಗುತ್ತವೆ, ಮಣ್ಣು ಹುಳಿಯಾಗುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಕೋಶಗಳ ನಡುವಿನ ಅಂಟು ಸಡಿಲ. ಯೂರಿಯಾ ಜಾಸ್ತಿ ಸುರಿದರೆ ಎಲೆ ಮೆದು. ಎರಡೂ ಶಿಲೀಂಧ್ರಕ್ಕೆ ದಾರಿ. ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಶ್ 140 ಗ್ರಾಂ ಎಂಬ ಶಿಫಾರಸಿನಲ್ಲಿ ಪೊಟ್ಯಾಶ್ ಪಾಲು ಹೆಚ್ಚಿರುವುದನ್ನು ಗಮನಿಸಬೇಕು. ಆದರೆ ಗೋಡೆ ಗಟ್ಟಿ ಮಾಡಿದ ಮಾತ್ರಕ್ಕೆ ರೋಗ ಬಾರದು ಎಂದು ಹೇಳಿ ಮದ್ದನ್ನೇ ಬಿಡಿಸುವುದು ಅತಿರೇಕ. ಕೊಳೆರೋಗದ ವರ್ಷ ಬೋರ್ಡೋ ತಪ್ಪಿಸಿದವರ ಗೊನೆ ನೋಡಿದರೆ ತಿಳಿಯುತ್ತದೆ.

ಕೂಡ್ಲಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಮತ್ತು ವಿಟ್ಲದ ಅದರ ಕೇಂದ್ರದ ವಿಜ್ಞಾನಿಗಳ ಸಲಹೆ ಇವೆರಡರ ನಡುವೆ ಇದೆ. ಚುಕ್ಕಿ ತುಂಬಿದ ಸೋಗೆ ಕಡಿದು ಸುಡುವುದು, ಗೊಬ್ಬರ ಸರಿಪಡಿಸುವುದು, ಮದ್ದನ್ನು ಹೊತ್ತಿಗೆ ಸರಿಯಾಗಿ ಬದಲಿಸಿ ಬದಲಿಸಿ ಹೊಡೆಯುವುದು. ಬದಲಿಸುವುದಕ್ಕೂ ಕಾರಣ ಇದೆ. ತಾಮ್ರ ಕೋಶದ ಹತ್ತಾರು ಕಡೆ ಒಟ್ಟಿಗೆ ಪೆಟ್ಟು ಕೊಡುತ್ತದೆ, ಅದರಿಂದ ತಪ್ಪಿಸಿಕೊಳ್ಳುವುದು ರೋಗಾಣುವಿಗೆ ಕಷ್ಟ. ಮೆಟಾಲಾಕ್ಸಿಲ್, ಪ್ರೊಪಿಕೊನಜೋಲ್ ಒಂದೇ ಕಡೆ ಪೆಟ್ಟು ಕೊಡುವವು. ಆ ಒಂದು ಜಾಗ ಬದಲಾದ ರೋಗಾಣು ಉಳಿದುಕೊಂಡರೆ ಮದ್ದು ಮುಗಿಯಿತು. ಆಲೂಗಡ್ಡೆಯ ಅಂಗಮಾರಿಗೆ ಮೆಟಾಲಾಕ್ಸಿಲ್ ಬಳಸಿದ ದೇಶಗಳಲ್ಲಿ 1980ರ ದಶಕದಲ್ಲೇ ಇದು ಆಗಿಹೋಗಿದೆ.

ಮುಂದೆ ಆಗಬಹುದಾದ್ದು

ಎಲೆಚುಕ್ಕಿ ಉಳಿದರೆ ಖರ್ಚು ಏರುತ್ತದೆ. ಮೊದಲು ಎರಡು ಸಲ ಮದ್ದು ಹೊಡೆದರೆ ಸಾಕಿದ್ದ ತೋಟಕ್ಕೆ ಈಗ ಸೋಗೆಗೆಂದು ಬೇರೆಯೇ ಸುತ್ತು ಬೇಕು. ಎತ್ತರದ ಹಳೇ ಮರಗಳಲ್ಲಿ ಅದು ಹೊರೆ. ಅಂಥ ತೋಟಗಳನ್ನು ಕೆಲವರು ಕಡಿಯುತ್ತಾರೆ, ಕೆಲವರು ನೋಡದೆ ಬಿಡುತ್ತಾರೆ. ಬಿಟ್ಟ ತೋಟ ಅಕ್ಕಪಕ್ಕದವರಿಗೆ ರೋಗದ ಮನೆ.

ಗಡಿಯ ತೊಂದರೆ ಬೇರೆಯೇ ಇದೆ. ಕಾಸರಗೋಡಿನ ಕನ್ನಡಿಗ ಬೆಳೆಗಾರ ಓದುವುದು ಮಂಗಳೂರಿನ ಪತ್ರಿಕೆ. ಅದರಲ್ಲಿ ಬರುವ ಸಹಾಯಧನ ಕರ್ನಾಟಕದ ತೋಟಗಾರಿಕೆ ಇಲಾಖೆಯದ್ದು, ಇವರಿಗೆ ಸಿಗದು. ಇವರು ಹೋಗಬೇಕಾದ್ದು ಕೇರಳದ ಕೃಷಿ ಭವನಕ್ಕೆ. ಅಡಿಕೆ ಮಾರಲು ಎರಡೂ ರಾಜ್ಯಗಳ ಬೆಳೆಗಾರರಿಗೆಂದು 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ರೋಗ ತಡೆಗೆ ಅಂಥ ಒಂದು ಜಂಟಿ ಏರ್ಪಾಡು ಬೇಕು. ಕರ್ನಾಟಕದ ಪುತ್ತೂರು, ಸುಳ್ಯ ಒಂದು ವಾರ, ಗಡಿ ಈಚೆಯ ಬದಿಯಡ್ಕ, ಮುಳ್ಳೇರಿಯ ಇನ್ನೊಂದು ತಿಂಗಳು ಎಂದು ಮದ್ದು ಹೊಡೆದರೆ ಇಬ್ಬರಿಗೂ ನಷ್ಟ.

ಹಳದಿ ಎಲೆಗೆ ಈಗ ಇರುವ ದಾರಿ ಸಹಿಸುವ ತಳಿ. ರೋಗ ತುಂಬಿದ ತೋಟಗಳಲ್ಲೂ ವರ್ಷಗಟ್ಟಲೆ ಹಸಿರಾಗಿ ನಿಂತ ಕೆಲವು ಮರಗಳಿವೆ. ಅವುಗಳ ಎಳೆಯ ಹಿಂಗಾರದ ತುಂಡಿನಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ಕೆಲಸವನ್ನು ಸಿಪಿಸಿಆರ್‌ಐ ಮಾಡುತ್ತಾ ಬಂದಿದೆ. ಇಲ್ಲಿ ಮಾತ್ರ ಸಸ್ಯಕೋಶದ ಗುಣ ಬೆಳೆಗಾರನ ಪರವಾಗಿ ನಿಲ್ಲುತ್ತದೆ. ಬೆಳೆದು ನಿಂತ ಪ್ರಾಣಿಯ ಒಂದು ಚರ್ಮದ ಕೋಶವನ್ನು ಬಟ್ಟಲಿನಲ್ಲಿ ಸಾಕಿದರೆ ಅದು ಇಡೀ ಪ್ರಾಣಿಯಾಗದು. ಸಸ್ಯಕೋಶಕ್ಕೆ ಸರಿಯಾದ ಆಹಾರ, ಹಾರ್ಮೋನು ಕೊಟ್ಟರೆ ಅದು ಹಿಂದಿನ ಸ್ಥಿತಿಗೆ ಮರಳಿ ಇಡೀ ಗಿಡವಾಗಬಲ್ಲದು. ತಾಳೆ ಜಾತಿಯ ಮರಗಳಲ್ಲಿ ಈ ಕೆಲಸ ಬಾಳೆಯಷ್ಟು ಸಲೀಸಲ್ಲ, ತುಂಬಾ ನಿಧಾನ. ಹಾಗೆ ಬಂದ ಸಸಿ ನೆಟ್ಟ ಮೇಲೂ ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ಅದು ನಿಜವಾಗಿ ರೋಗ ತಡೆಯಿತೇ ಎಂದು ತಿಳಿಯಲು ಇನ್ನೂ ಜಾಸ್ತಿ. ಅಲ್ಲಿಯವರೆಗೆ ಹಳದಿ ಎಲೆಗೆ ಬಾಟಲಿಯಲ್ಲಿ ಮದ್ದು ಮಾರುವವರು ಬಂದರೆ, ಅದು ಗೋಡೆ ಇಲ್ಲದ ಬ್ಯಾಕ್ಟೀರಿಯಾವನ್ನು ಫ್ಲೋಯಂ ಒಳಗೆ ಹೇಗೆ ಮುಟ್ಟುತ್ತದೆ ಎಂದು ಕೇಳಿ ನೋಡಬಹುದು.